ಶೂನ್ಯ ಮೊತ್ತದ ಟಿಕೆಟ್

ಕಂಪ್ಲಿಯಿಂದ ಹೊಸಪೇಟೆಗೆ ಹೊರಟ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ದುಡ್ಡು ಕೊಡುವ ಗಂಡಸರಿಗೆ ಸೀಟಿಲ್ಲವೆಂದು ಒಬ್ಬರು ಗೊಣಗಿದರು. ಮದ್ರಸದ ಮಕ್ಕಳಿಗೆ ಬದ್‌ಗುಮಾನಿಯ ಕೆಡುಕನ್ನು ವಿವರಿಸಿ ಬಂದಿದ್ದ ನಾನೂ ತಲೆಯಾಡಿಸಿದೆ. 2025ರ ಜನವರಿಯಲ್ಲಿ ದರ ಶೇ. 15ರಷ್ಟು ಏರಿದಂದಿನಿಂದ ನನ್ನೊಳಗೂ ಆ ಮುನಿಸಿತ್ತು.

ಎದುರಿನ ಸೀಟಿನ ವೃದ್ಧೆ ಶೂನ್ಯ ಮೊತ್ತದ ಎರಡು ಟಿಕೆಟುಗಳನ್ನು ಸೆರಗಿಗೆ ಗಂಟು ಹಾಕಿಕೊಂಡು ನನ್ನತ್ತ ತಿರುಗಿದರು. “ಮಗಳಿಗೆ ವಾರಕ್ಕ ಎರಡು ಸಲ ಡಯಾಲಿಸಿಸ್ ರೀ ಸಾಬ್ರೇ. ಮೊದಲು ಬಸ್ಸಿಗೆ ರೊಕ್ಕ ಇಲ್ದಾಗ ಒಂದು ಸಲ ತಪ್ಪಿಸ್ತಿದ್ವಿ.”

ಕಮಲಾಪುರ ದಾಟುವವರೆಗೂ ನಾನು ಕಿಟಕಿಯಾಚೆಗೇ ನೋಡುತ್ತಿದ್ದೆ. ಹೊಸಪೇಟೆಯಲ್ಲಿ ಇಳಿಯುವಾಗ, ಗೊಣಗಿದ್ದ ಆ ಮನುಷ್ಯರೇ ಮಗಳ ಚೀಲವನ್ನು ಹಿಡಿದುಕೊಂಡರು. ನನಗೆ ಅಷ್ಟೂ ತೋಚಿರಲಿಲ್ಲ.