ಮೂವತ್ತು ನಿಮಿಷದಲ್ಲಿ ಒಂದು ಕಿಲೋ ಮೀನು

ದೆಹಲಿಯ ಗಡಿ ದಾಟಿದ ಕೂಡಲೇ ಸಿಗುವ ನಮ್ಮ ಇಂದಿರಾಪುರಂನಲ್ಲಿ ಬಡಾವಣೆಗಳಿಗೆ ಇಟ್ಟಿರುವ ಹೆಸರುಗಳು ಒಂದಕ್ಕಿಂತ ಒಂದು ಚೆಂದ. ನೀತಿ ಖಂಡ, ನ್ಯಾಯ ಖಂಡ, ಜ್ಞಾನ ಖಂಡ, ಅಭಯ ಖಂಡ. ನಾವಿರುವುದು ಅಹಿಂಸಾ ಖಂಡದಲ್ಲಿ. ಅಲ್ಲಿ ಬಂಗುಡೆ ಹುರಿಯುವ ಮನೆ ನಮ್ಮದು! ಹುರಿಯುವ ದಿನ ಅಡುಗೆಮನೆಯ ಬಾಗಿಲು ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಹಾಕುತ್ತೇವೆ. ಆಮೇಲೆ ಲಿಫ್ಟಿನಲ್ಲಿ ಸಿಕ್ಕವರ ಮುಖ ನೋಡದೆ ಕೆಳಗಿಳಿಯುತ್ತೇವೆ.

ಇಷ್ಟೆಲ್ಲ ಮಾಡಿದರೂ ಮಗ ಅದನ್ನು ಮುಟ್ಟುತ್ತಿರಲಿಲ್ಲ. ಅವನಿಗೆ ಹದಿಮೂರು ವರ್ಷ, ಹುಟ್ಟಿದ್ದೇ ಇಲ್ಲಿ. ಮೀನು ಎಂದರೆ ಅವನಿಗೆ ಅಮೃತಸರಿ ಫಿಶ್, ಇಲ್ಲವೇ ಫಿಶ್ ಫಿಂಗರ್. ಬಂಗುಡೆ ತಟ್ಟೆಗೆ ಬಂದರೆ ಒಂದೇ ಮಾತು, "ಇದರಲ್ಲಿ ಕಾಂಟಾ ಇದೆ." ಕುಂದಾಪುರದ ಹತ್ತಿರದ ಊರಿನಲ್ಲಿರುವ ನನ್ನ ಅಮ್ಮ ಪ್ರತಿ ವರ್ಷ ಮೀನು ಸಾರು ಮಾಡಿ ಬಡಿಸಿ, ಕೊನೆಗೆ ಮೊಮ್ಮಗನಿಗೆಂದು ಬೇರೆಯೇ ಆಮ್ಲೆಟ್ ಹಾಕಿಕೊಡುತ್ತಿದ್ದಳು. ಅವಳಿಗೆ ಹಿಂದಿ ಬಾರದು, ಅವನಿಗೆ ಕುಂದಗನ್ನಡ ಅರ್ಧಂಬರ್ಧ. ಇಬ್ಬರ ನಡುವೆ ಮಾತು ಅಷ್ಟಕ್ಕೇ ಮುಗಿಯುತ್ತಿತ್ತು.

ನಮ್ಮ ಇನ್ನೊಂದು ಕಷ್ಟ ಈ ಕಡೆ ಇರುವ ಕರಾವಳಿಯವರಿಗೆಲ್ಲ ಗೊತ್ತಿದ್ದದ್ದೇ. ಇಲ್ಲಿನ ಶಾಲೆಗಳಿಗೆ ರಜೆ ಸಿಗುವುದು ಮೇ ಕೊನೆಗೆ. ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ಉಡುಪಿಯಲ್ಲಿ ಇಳಿಯುವಾಗ ಜೂನ್ ಬಂದಿರುತ್ತದೆ, ಸಮುದ್ರಕ್ಕೆ ಬೀಗ ಬಿದ್ದಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಂತ್ರದ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಬೀಚಿನಲ್ಲಿ ಕೆಂಪು ಬಾವುಟ. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಯೂ ಬಂದ್. ನಮ್ಮ ಮಗ ಕಂಡ ಮಲ್ಪೆ ಎಂದರೆ ಕಟ್ಟಿಹಾಕಿದ ಬೋಟುಗಳ ಮಲ್ಪೆ.

ಅಂಥ ಒಂದು ಜೂನ್ ಮಧ್ಯಾಹ್ನ ಮಳೆ ಹೊಯ್ಯುತ್ತಿದ್ದಾಗ ಕಡಲ ಕಡೆಗೆ ಮುಖ ಮಾಡಿದ್ದ ಒಂದು ರೆಸ್ಟೋರೆಂಟಿಗೆ ನುಗ್ಗಿದೆವು. ಗೋಡೆಯ ಮೇಲೆ ದೊಡ್ಡ ಬೋರ್ಡು: ಫಿಶ್ ಅಂಡ್ ಚಿಪ್ಸ್ ಚಾಲೆಂಜ್. ಒಂದು ಕಿಲೋ ಮೀನು, ಅರ್ಧ ಕಿಲೋ ಚಿಪ್ಸ್, ಮೂವತ್ತು ನಿಮಿಷ. ಮುಗಿಸಿದರೆ ದುಡ್ಡು ಕೊಡಬೇಕಿಲ್ಲ, ಒಂದು ಟೀಶರ್ಟ್, ಗೋಡೆಯ ಮೇಲೆ ಫೋಟೋ.

ಮಗನ ಕಣ್ಣು ಅರಳಿತು. "ಪಪ್ಪಾ, ನೀನು ಸಮುದ್ರದವನಲ್ವಾ? ಮಾಡು!" ಹೆಂಡತಿ ನನ್ನ ಹೊಟ್ಟೆಯನ್ನೂ ಮುಖವನ್ನೂ ಒಮ್ಮೆ ನೋಡಿ ಸುಮ್ಮನಾದಳು. ಸಣ್ಣವನಿದ್ದಾಗ ಒಂದೇ ಊಟಕ್ಕೆ ಎಂಟು ಬಂಗುಡೆ ತಿಂದಿದ್ದೆ ಎಂದು ಇಂದಿರಾಪುರಂನಲ್ಲಿ ಕುಳಿತು ಕೊಚ್ಚಿಕೊಂಡವನು ನಾನೇ. ಹಿಂದೆ ಸರಿಯುವ ಹಾಗಿರಲಿಲ್ಲ.

ತಟ್ಟೆ ಬರಲಿಲ್ಲ, ಹರಿವಾಣ ಬಂತು. ಅಂಗೈಯಷ್ಟು ದಪ್ಪದ ಮೀನಿನ ತುಂಡುಗಳು ಹೊಂಬಣ್ಣದ ಹಿಟ್ಟಿನ ಅಂಗಿ ತೊಟ್ಟು ಮಲಗಿದ್ದವು. ಸುತ್ತ ಬಟಾಟೆಯ ರಾಶಿ. ಮಗ ಮೊಬೈಲಿನಲ್ಲಿ ಟೈಮರ್ ಒತ್ತಿದ.

ಮೊದಲ ಹತ್ತು ನಿಮಿಷ ನಾನು ರಾಜ. ಮುಳ್ಳಿಲ್ಲ, ಚರ್ಮವಿಲ್ಲ, ಬಾಯಿಗಿಟ್ಟರೆ ಇಳಿಯುತ್ತದೆ. ಹದಿನೈದನೇ ನಿಮಿಷಕ್ಕೆ ಸೋಲಿಸುವುದು ಮೀನಲ್ಲ, ಬಟಾಟೆ ಎಂದು ತಿಳಿಯಿತು. ಬಿಸಿಯಿದ್ದಾಗ ಗರಿಗರಿ, ತಣಿದ ಮೇಲೆ ಕಡ್ಡಿ. ನೀರು ಕುಡಿದರೆ ಹೊಟ್ಟೆಯೊಳಗೆ ಹಿಟ್ಟು ಉಬ್ಬುತ್ತದೆ, ಕುಡಿಯದಿದ್ದರೆ ಗಂಟಲಿಗೆ ಇಳಿಯುವುದಿಲ್ಲ. ಇಪ್ಪತ್ತನೇ ನಿಮಿಷಕ್ಕೆ ದವಡೆ ಸೋತಿತು. ರುಚಿ ಯಾವಾಗ ಹೋಯಿತೋ ಗೊತ್ತಾಗಲಿಲ್ಲ, ಲೆಕ್ಕ ಮಾತ್ರ ಉಳಿದಿತ್ತು.

ಗೆಲ್ಲುವುದಕ್ಕೆಂದೇ ತಿನ್ನುವವರು ಲೋಕದಲ್ಲಿ ಇದ್ದಾರೆ. ನ್ಯೂಯಾರ್ಕಿನ ಕಡಲತೀರ ಕೋನಿ ಐಲ್ಯಾಂಡಿನಲ್ಲಿ ಪ್ರತಿ ಜುಲೈ 4ರಂದು ಹಾಟ್‌ಡಾಗ್ ತಿನ್ನುವ ಪಂದ್ಯ ನಡೆಯುತ್ತದೆ. 2021ರಲ್ಲಿ ಜೋಯಿ ಚೆಸ್ಟ್‌ನಟ್ ಹತ್ತೇ ನಿಮಿಷದಲ್ಲಿ 76 ನುಂಗಿದ. ನಮ್ಮ ಮೈಸೂರು ದಸರಾ ಆಹಾರ ಮೇಳದಲ್ಲಿ ಮುದ್ದೆ ತಿನ್ನುವ ಸ್ಪರ್ಧೆ ಇಡುತ್ತಾರೆ. ಮುದ್ದೆಯಾದರೂ ನುಂಗುವುದಕ್ಕೇ ಇರುವಂಥದ್ದು. ಫಿಶ್ ಅಂಡ್ ಚಿಪ್ಸ್ ಹಾಗಲ್ಲ, ಅದು ವಲಸೆ ಹೋದವರ ಊಟ. ಹಿಟ್ಟಿನಲ್ಲಿ ಕರಿದ ಮೀನನ್ನು ಇಂಗ್ಲೆಂಡಿಗೆ ಒಯ್ದವರು ಸ್ಪೇನ್, ಪೋರ್ಚುಗಲ್ಲುಗಳಿಂದ ಓಡಿಬಂದ ಯಹೂದಿಗಳು ಎನ್ನುತ್ತಾರೆ. 1860ರ ಸುಮಾರಿಗೆ ಲಂಡನ್ನಿನಲ್ಲಿ ಜೋಸೆಫ್ ಮಾಲಿನ್ ಎಂಬಾತ ಮೀನಿಗೆ ಬಟಾಟೆ ಜೋಡಿಸಿ ಮಾರಿದನಂತೆ. ಕೂಲಿಕಾರರ ಹೊಟ್ಟೆ ತುಂಬಿಸಿದ ತಿಂಡಿ. ಎರಡನೇ ಮಹಾಯುದ್ಧದ ಕಾಲದಲ್ಲೂ ಬ್ರಿಟನ್ನಿನಲ್ಲಿ ಅದಕ್ಕೆ ರೇಷನ್ ಹಾಕಿರಲಿಲ್ಲ.

ನನ್ನ ಕತೆ ಇಪ್ಪತ್ತಾರನೇ ನಿಮಿಷಕ್ಕೆ ಮುಗಿಯಿತು. ಎರಡು ತುಂಡು ಮೀನು, ಒಂದು ಬೊಗಸೆ ಚಿಪ್ಸ್ ಉಳಿದಿದ್ದವು. ಕೈಯೆತ್ತಿದೆ. ಮಗನ ಮುಖ ಸಣ್ಣಗಾಯಿತು. ಬಿಲ್ಲು ತಂದ ಹುಡುಗ ಒಡಿಶಾದವನು. ಮಗ ಹಿಂದಿಯಲ್ಲಿ ಕೇಳಿದ, "ಭೈಯಾ, ಇದು ಯಾವ ಮೀನು?"

"ಬಾಸಾ," ಎಂದ ಅವನು.

ನನಗೆ ನಗು ಬಂತು, ಆದರೆ ನಗಲು ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಬಾಸಾ ಸಮುದ್ರದ ಮೀನೇ ಅಲ್ಲ. ಮೂಲ ವಿಯೆಟ್ನಾಮಿನ ಮೆಕಾಂಗ್ ನದಿ, ಈಗ ಆಂಧ್ರದ ಕೆರೆಗಳಲ್ಲೂ ಆ ಜಾತಿಯನ್ನು ಸಾಕುತ್ತಾರೆ. ಕಡಲು ಬಂದ್ ಇರುವಾಗ ಪಾಪ, ಹೋಟೆಲಿನವರು ಏನು ಮಾಡಬೇಕು? ಉತ್ತರಪ್ರದೇಶದಿಂದ ಬಂದ ನಾವು, ಒಡಿಶಾದ ಹುಡುಗ ಬಡಿಸಿದ ನದಿಯ ಮೀನನ್ನು ಮಲ್ಪೆಯ ಕಡಲು ನೋಡುತ್ತಾ ತಿಂದಿದ್ದೆವು.

ಮರುದಿನ ಬೆಳಿಗ್ಗೆ ಮೀನಿನ ಹೆಂಗಸು ಅಮ್ಮನ ಅಂಗಳಕ್ಕೆ ಬಂದಳು. ನಾಡದೋಣಿಯವರು ದಡದ ಹತ್ತಿರವೇ ಬಲೆ ಬೀಸಿ ತಂದ ಬಂಗುಡೆ, ಬುಟ್ಟಿಯ ತಳದಲ್ಲಿ ಇಪ್ಪತ್ತಿದ್ದವೋ ಇಲ್ಲವೋ. ಅಮ್ಮ ಬ್ಯಾಡಗಿ ಮೆಣಸು, ತೆಂಗಿನಕಾಯಿ ಅರೆದು ಸಾರು ಮಾಡಿದಳು. ಕುಚ್ಚಲಕ್ಕಿ ಅನ್ನ. ನಾನು ಹಿಂದಿನ ದಿನದ ತಪ್ಪಿಗೆ ಬರೀ ಮಜ್ಜಿಗೆ.

ಅಮ್ಮ ಆಮ್ಲೆಟ್‌ಗೆ ಮೊಟ್ಟೆ ಒಡೆಯಲು ಹೋದಾಗ ಮಗ ಬೇಡವೆಂದ. "ಅಪ್ಪ ಸೋತ. ನಾನು ಒಂದು ತಿಂತೇನೆ."

ಅಮ್ಮ ಅವನ ಪಕ್ಕದಲ್ಲೇ ಕುಳಿತಳು. ಮಾತಿಗಿಂತ ಕೈಯಲ್ಲೇ ಹೇಳಿಕೊಟ್ಟಳು. ಮೊದಲು ಬೆನ್ನಿನ ಅಂಚು, ಹೊಟ್ಟೆಯ ಅಂಚು ಎರಡೂ ಕಡೆಯ ಸಣ್ಣ ಮುಳ್ಳು ತೆಗೆಯಬೇಕು. ಆಮೇಲೆ ನಡುವಿನ ಗೆರೆಯ ಮೇಲೆ ಹೆಬ್ಬೆರಳು ಒತ್ತಿದರೆ ಮಾಂಸ ತಾನಾಗಿ ಸರಿಯುತ್ತದೆ. ಒಂದು ಬದಿ ಮುಗಿದ ಮೇಲೆ ಬಾಲ ಹಿಡಿದು ಎತ್ತಿದರೆ ನಡುಮುಳ್ಳು ಬಾಚಣಿಗೆಯಂತೆ ಇಡಿಯಾಗಿ ಬರುತ್ತದೆ.

"ಮುಳ್ ಕಂಡ್ಕಂಡ್ ತಿನ್ನ್ ಮಗಾ, ಗಡಿಬಿಡಿ ಎಂತಕೆ?"

ಅರ್ಥ ಕೇಳಲು ಅವನು ನನ್ನ ಕಡೆ ನೋಡಲಿಲ್ಲ. ಮಧ್ಯೆ ಒಂದು ಮುಳ್ಳು ಗಂಟಲಿಗೆ ಚುಚ್ಚಿದಾಗ ಕಣ್ಣಲ್ಲಿ ನೀರು ಬಂತು. ಅಮ್ಮ ಒಂದು ಅನ್ನದ ಉಂಡೆ ನುಂಗಿಸಿ ಬೆನ್ನು ಸವರಿದಳು. ಒಂದು ಬಂಗುಡೆಗೆ ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತು ಅವರಿಬ್ಬರು ಹೀಗೆ ಒಟ್ಟಿಗೆ ಕುಳಿತಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಯಾರೂ ಟೈಮರ್ ಒತ್ತಿರಲಿಲ್ಲ, ಗೋಡೆಯ ಗಡಿಯಾರ ನೋಡಿದ್ದು ನಾನೊಬ್ಬನೇ. ಅಮ್ಮನಿಗೀಗ ಎಪ್ಪತ್ತೆಂಟು.

ಇಂದಿರಾಪುರಂಗೆ ವಾಪಸಾದ ಮೇಲೆ, ಸೆಪ್ಟೆಂಬರಿನ ಒಂದು ಭಾನುವಾರ ಮಗ ತಾನೂ ಮೀನಿಗೆ ಬರುತ್ತೇನೆಂದ. ನಮಗೆ ಹತ್ತಿರದ ಬಂದರು ಎಂದರೆ ಗಾಜೀಪುರ್ ಮಂಡಿ. ನಮ್ಮ ಬಾಲ್ಕನಿಯಿಂದ ಕಾಣುವ ಏಕೈಕ ಗುಡ್ಡ ಅದರ ಆಚೆಗಿದೆ. ದೆಹಲಿಯ ಕಸದ ಗುಡ್ಡ, ಮೇಲೆ ಸದಾ ಹದ್ದುಗಳು. ಮಂಡಿಯೊಳಗೆ ರೋಹು, ಕಟ್ಲಾಗಳ ರಾಶಿ ದಾಟಿ ಒಳಗೆ ಹೋದರೆ, ಥರ್ಮಾಕೋಲ್ ಪೆಟ್ಟಿಗೆಗಳ ಐಸಿನಲ್ಲಿ ಪಶ್ಚಿಮ ಕರಾವಳಿಯಿಂದ ಬಂದ ಸಮುದ್ರದ ಮೀನು ಸಿಗುತ್ತದೆ. ನಮ್ಮ ಹಾಗೇ ದೂರದ ಪ್ರಯಾಣ ಮಾಡಿ, ಸ್ವಲ್ಪ ಬಾಡಿ ಬಂದವು.

ಕಣ್ಣು ಕೆಂಪಾಗದ, ಕಿವಿರು ಇನ್ನೂ ಕೆಂಪಿದ್ದ ಆರು ಬಂಗುಡೆ ಆರಿಸಿದೆ. ಕತ್ತರಿಸುವವನು ಚಾಕು ಮಸೆಯುತ್ತಾ, "ಕಾಂಟಾ ನಿಕಾಲ್ ದೂಂ?" ಎಂದು ಕೇಳಿದ. ಮುಳ್ಳು ತೆಗೆದುಬಿಡಲೇ ಎಂದು.

ನಾನು ಬಾಯಿ ತೆರೆಯುವ ಮೊದಲೇ ಮಗ ಹೇಳಿದ, "ರೆಹನೇ ದೀಜಿಯೇ." ಇರಲಿ ಬಿಡಿ.