ದನಿ ಸಣ್ಣಗಾದರೆ ದೂರು ಯಾರ ಮೇಲೆ?

ಸಾರಿಗೆ ರುಚಿಯಿಲ್ಲ ಎಂದು ಯಾರಾದರೂ ಅಂದರೆ ನಾವು ಏನು ಮಾಡುತ್ತೇವೆ, ಹೇಳಿ? ಹೊಸದಾಗಿ ಅಡುಗೆ ಕಲಿತವಳು ತಟ್ಟನೆ ಉಪ್ಪಿನ ಡಬ್ಬಿಗೆ ಕೈ ಹಾಕುತ್ತಾಳೆ. ನಾಲ್ಕಾರು ವರ್ಷ ಒಲೆಯ ಮುಂದೆ ನಿಂತವಳು ಹಾಗೆ ಮಾಡುವುದಿಲ್ಲ. ಮೊದಲು ಒಂದು ಹನಿ ಅಂಗೈಗೆ ಹಾಕಿಕೊಂಡು ನೋಡುತ್ತಾಳೆ. ಹುಳಿ ಕಡಿಮೆಯಾಗಿರಬಹುದು, ಬೇಳೆ ಬೆಂದಿರಲಿಕ್ಕಿಲ್ಲ, ಅಥವಾ ಉಣ್ಣುವವರಿಗೇ ನೆಗಡಿಯಾಗಿ ನಾಲಿಗೆ ಕೆಟ್ಟಿರಬಹುದು. ಅಡುಗೆಮನೆಯಲ್ಲಿ ಇಷ್ಟು ವಿವೇಕ ತೋರಿಸುವ ನಾವು, ಹೆಡ್‌ಫೋನಿನಲ್ಲಿ ಹಾಡು ಸಣ್ಣಗೆ ಕೇಳಿಸಿತೆಂದರೆ ಮಾತ್ರ ಯಾವ ವಿಚಾರವನ್ನೂ ಮಾಡದೆ ದನಿಯ ಗುಂಡಿಯನ್ನು ಕೊನೆಯವರೆಗೆ ತಿರುವಿಬಿಡುತ್ತೇವೆ. ಅದು ಸಾರಿಗೆ ಉಪ್ಪು ಸುರಿದಂತೆಯೇ ಸರಿ.

ಹೆಡ್‌ಫೋನಿನ ಮಾತು ನಮಗೇಕೆ ಅಂತೀರಾ? ಈಗ ಯಾರ ಮನೆಯಲ್ಲಿ ಅದಿಲ್ಲ ಹೇಳಿ! ಮಕ್ಕಳ ಪಾಠ, ಪರವೂರಿನ ಮಗಳ ವಿಡಿಯೋ ಕರೆ, ಮಧ್ಯಾಹ್ನ ಕೆಲಸ ಮುಗಿದ ಮೇಲೆ ನಮ್ಮದೇ ಒಂದು ಗಂಟೆಯ ಹಾಡು, ಎಲ್ಲವೂ ಅದರಲ್ಲೇ. ನಮ್ಮ ಮನೆಯಲ್ಲಂತೂ ಅದು ಅತ್ತೆಯವರ ಸೊತ್ತು.

ನಮ್ಮೂರು ಗದಗ. ಅತ್ತೆಯವರಿಗೆ 78 ವರ್ಷ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಅದೂ ಅವರೂ ಹೆಚ್ಚುಕಡಿಮೆ ಜೊತೆಯಲ್ಲೇ ಬೆಳೆದವರು ಅನ್ನಿ. ರೊಟ್ಟಿ ಬಡಿಯುತ್ತಲೇ ರಾಗ ಗುರುತಿಸುವ ಜನ ಅವರು. ಮಗ ಹೊಸ ಕಂಪ್ಯೂಟರ್ ಕೊಂಡಾಗ ಹಳೆಯದು ನಮ್ಮ ಪಾಲಿಗೆ ಬಂತು. ಅದರ ಜೊತೆಗೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದು ಡಬ್ಬಿ, ಕಿವಿ ಪೂರ್ತಿ ಮುಚ್ಚುವ ಒಂದು ಹೆಡ್‌ಫೋನು. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್ ಅವರ ಹಳೆಯ ಧ್ವನಿಮುದ್ರಣಗಳು ಕುಳಿತಲ್ಲೇ ಸಿಗುವಂತಾದಾಗ ಅತ್ತೆಯವರಿಗೆ ಸ್ವರ್ಗವೇ ಸಿಕ್ಕಿತು.

ಆದರೆ ದೂರೂ ಅಂದಿನಿಂದಲೇ ಶುರುವಾಯಿತು. "ದನಿ ಸಣ್ಣ ಆಗೇದ ನೋಡವಾ. ತಂಬೂರಿ ಕೇಳಸೂದೇ ಇಲ್ಲ" ಎಂದರು. ಯಜಮಾನರು ಡಬ್ಬಿ ಹಾಳಾಗಿದೆ ಎಂದರು. ಮಗ ಫೋನಿನಲ್ಲೇ, "ಅಮ್ಮಾ, ಒಂದು ಆಂಪ್ಲಿಫೈಯರ್ ಕಳಿಸ್ತೀನಿ ಬಿಡು" ಎಂದ. ಪಕ್ಕದ ಮನೆಯವರು ಕಿವಿಯ ಕಡೆ ಬೆರಳು ತೋರಿಸಿ ಕಣ್ಣು ಮಿಟುಕಿಸಿದರು. ಅತ್ತೆಯವರು ಅದನ್ನು ಕಂಡುಬಿಟ್ಟರು! "ನನ್ನ ಕಿವಿಗೇನೂ ಆಗಿಲ್ಲ. ನಿಮ್ಮ ಡಬ್ಬೀನೇ ಕೆಟ್ಟದ" ಎಂದು ಎರಡು ದಿನ ಮುಖ ಊದಿಸಿಕೊಂಡು ಕುಳಿತರು.

ಸೊಸೆಯಾದವಳ ಪಾಡು ನಿಮಗೆ ಗೊತ್ತೇ ಇದೆ. ಕಿವಿ ಮಂದವಾಗಿದೆ ಎಂದರೆ ಅವರಿಗೆ ನೋವು, ಡಬ್ಬಿ ಕೆಟ್ಟಿದೆ ಎಂದರೆ ಸುಮ್ಮನೆ ಖರ್ಚು. ಮೊದಲು ಡಬ್ಬಿಯ ನ್ಯಾಯವನ್ನೇ ಅವರೆದುರಿಗೆ ಬಗೆಹರಿಸೋಣ ಎಂದು ನಿಶ್ಚಯಿಸಿದೆ. ಮಗನನ್ನು ಫೋನಿನಲ್ಲಿ ಹಿಡಿದು ಕೂರಿಸಿಕೊಂಡು ಒಂದೊಂದೇ ಕೇಳಿ ತಿಳಿದೆ. ಹಾಗೆ ತಿಳಿದದ್ದನ್ನು ನಿಮಗೂ ಹೇಳುತ್ತೇನೆ. ಇದಕ್ಕೆ ಇಂಜಿನಿಯರೇ ಆಗಬೇಕೆಂದೇನಿಲ್ಲ.

ಕಂಪ್ಯೂಟರಿನೊಳಗೆ ಹಾಡು ಇರುವುದು ಬರೀ ಅಂಕೆಗಳ ರೂಪದಲ್ಲಿ. ಆ ಅಂಕೆಗಳನ್ನು ವಿದ್ಯುತ್ತಿನ ಅಲೆಯಾಗಿ ಬದಲಿಸುವುದು ಈ ಹೊರಗಿನ ಡಬ್ಬಿಯ ಕೆಲಸ. ಹುಡುಗರು ಅದನ್ನು 'ಡ್ಯಾಕ್' ಅನ್ನುತ್ತಾರೆ, ನಾವು ಧ್ವನಿ ಪರಿವರ್ತಕ ಎನ್ನೋಣ. ಪರಿವರ್ತಿಸುವುದು ಒಂದು ಕೆಲಸ, ಹೆಡ್‌ಫೋನನ್ನು ನಡುಗಿಸುವಷ್ಟು ಬಲ ಕೊಡುವುದು ಇನ್ನೊಂದು ಕೆಲಸ. ಮೊದಲನೆಯದು ಅಡುಗೆ ಮಾಡುವವಳದ್ದಾದರೆ ಎರಡನೆಯದು ಪಂಕ್ತಿಯಲ್ಲಿ ಬಡಿಸುವವಳದ್ದು. ಬಡಿಸುವ ಕೈ ಬಿಗಿಯಾದರೆ ಅಡುಗೆ ಎಷ್ಟು ರುಚಿಯಾಗಿದ್ದರೇನು, ಹೊಟ್ಟೆ ತುಂಬೀತೇ? ಕೆಲವು ಡಬ್ಬಿಗಳಲ್ಲಿ ಬಡಿಸುವ ಕೈ ಧಾರಾಳ, ಕೆಲವುಗಳಲ್ಲಿ ಜಿಪುಣ. 'ಲೈನ್ ಔಟ್' ಎಂದು ಬರೆದ ತೂತು ಇದ್ದರೆ ಅದು ದೊಡ್ಡ ಸ್ಪೀಕರುಗಳ ಆಂಪ್ಲಿಫೈಯರಿಗಾಗಿ ಇರುವುದು. ಹೆಡ್‌ಫೋನಿನ ಚಿತ್ರವಿರುವ ತೂತೇ ಬೇರೆ.

ಇನ್ನು ದನಿ ಸೋರಿಹೋಗುವ ದಾರಿಗಳು. ಮಾಳಿಗೆಯ ಮೇಲಿನ ಟ್ಯಾಂಕಿನಿಂದ ಬಚ್ಚಲಿನ ನಳದವರೆಗೆ ನೀರು ಬರಲು ನಡುವೆ ಎಷ್ಟು ವಾಲ್ವುಗಳಿರುತ್ತವೆ, ನೋಡಿ. ಅವುಗಳಲ್ಲಿ ಒಂದು ಅರ್ಧ ಮುಚ್ಚಿದ್ದರೂ ಸಾಕು, ಕೆಳಗೆ ಸಣ್ಣ ಎಳೆ. ಹಾಡಿಗೂ ಹಾಗೆಯೇ. ಹಾಡು ನುಡಿಸುವ ಪುಟದಲ್ಲಿ ಒಂದು ದನಿಯ ಪಟ್ಟಿ, ಕಂಪ್ಯೂಟರಿನ ಮೂಲೆಯಲ್ಲಿ ಇನ್ನೊಂದು, ವಿಂಡೋಸ್ ಆದರೆ ಒಳಗಡೆ 'ವಾಲ್ಯೂಮ್ ಮಿಕ್ಸರ್' ಎಂಬಲ್ಲಿ ಪ್ರತಿಯೊಂದು ತಂತ್ರಾಂಶಕ್ಕೂ ಬೇರೆ ಬೇರೆ ಪಟ್ಟಿ, ಡಬ್ಬಿಯ ಮೇಲೊಂದು ಗುಂಡಿ, ಕೆಲವು ಹೆಡ್‌ಫೋನುಗಳ ವಯರಿನಲ್ಲೇ ಮತ್ತೊಂದು. ನಾವು ಕೊನೆಯದನ್ನು ಮಾತ್ರ ತಿರುವುತ್ತಾ ಕುಳಿತರೆ ಮೇಲಿನ ವಾಲ್ವು ತೆರೆದೀತೇ?

ನಮ್ಮಲ್ಲಿ ಸಿಕ್ಕಿದ್ದು ಏನೇನು ಗೊತ್ತೇ? ಹಾಡಿನ ಪುಟದ ಪಟ್ಟಿ ಅರ್ಧಕ್ಕೆ ನಿಂತಿತ್ತು. ಇನ್ನೊಂದು ಸೋಜಿಗ ಕೇಳಿ. ವಿಂಡೋಸಿನಲ್ಲಿ ಧ್ವನಿಯ ಸೆಟ್ಟಿಂಗಿನೊಳಗೆ 'ಕಮ್ಯುನಿಕೇಶನ್ಸ್' ಎಂಬ ಪುಟವಿದೆ. ಕರೆ ನಡೆಯುತ್ತಿದೆ ಎಂದು ಕಂಪ್ಯೂಟರಿಗೆ ಅನ್ನಿಸಿದರೆ ಮಿಕ್ಕ ಸದ್ದನ್ನೆಲ್ಲ 80 ಪ್ರತಿಶತ ತಗ್ಗಿಸುವಂತೆ ಅಲ್ಲಿ ಮೊದಲೇ ಗೊತ್ತುಮಾಡಿರುತ್ತಾರೆ. ಮಗನ ಜೊತೆ ಮಾತಾಡಿದ ವಿಡಿಯೋ ಕರೆಯ ಕಿಟಕಿ ಹಿಂದೆ ತೆರೆದೇ ಕುಳಿತಿತ್ತು, ಮುಂದೆ ಗಂಗೂಬಾಯಿಯವರು ಪಿಸುಗುಡುತ್ತಿದ್ದರು! ಆ ಪುಟದಲ್ಲಿ 'ಡು ನಥಿಂಗ್' ಎಂಬುದನ್ನು ಆರಿಸಿದರೆ ಈ ಕಾಟ ತಪ್ಪುತ್ತದೆ. ಡಬ್ಬಿಯ ಬದಿಯಲ್ಲಿ 'ಗೇನ್' ಎಂಬ ಪುಟ್ಟ ಗುಂಡಿಯೂ ಇತ್ತು. ಅದು 'ಲೋ' ಕಡೆಗಿತ್ತು. ಯಾರು ಹಾಗೆ ಇಟ್ಟರೆಂಬ ವಿಚಾರಣೆ ನಮ್ಮ ಮನೆಯಲ್ಲಿ ನಡೆಯಲಿಲ್ಲ.

ಪಿನ್ನು ಪೂರ್ತಿ ಒಳಗೆ ಹೋಗಿದೆಯೋ ಇಲ್ಲವೋ ಎಂದೂ ನೋಡಿ. ಅರ್ಧ ಸಿಕ್ಕಿಕೊಂಡಿದ್ದರೆ ವಾದ್ಯಗಳು ಕೇಳಿಸಿ, ಹಾಡುವವರ ಕಂಠ ಮಾತ್ರ ಬಾವಿಯೊಳಗಿಂದ ಬಂದಂತೆ ಆಗುವುದುಂಟು. ಇನ್ನು ಹಳೆಯ ಮುದ್ರಣವೇ ಸಣ್ಣ ದನಿಯದಿದ್ದರೆ ನಮ್ಮ ಡಬ್ಬಿ ಪಾಪ ಏನು ಮಾಡೀತು? ಬೇರೆ ಎರಡು ಹಾಡು, ಒಂದು ವಾರ್ತೆ ಹಾಕಿ ಹೋಲಿಸಿದರೆ ಗೊತ್ತಾಗುತ್ತದೆ.

ಕೊನೆಯದಾಗಿ ಹೆಡ್‌ಫೋನು. ಪ್ರತಿಯೊಂದು ಹೆಡ್‌ಫೋನಿಗೂ ವಿದ್ಯುತ್ತನ್ನು ತಡೆಯುವ ಒಂದು ಗುಣವಿದೆ, ಅದನ್ನು ಓಮಿನಲ್ಲಿ ಅಳೆಯುತ್ತಾರೆ. ಮೊಬೈಲಿಗೆಂದು ಮಾಡಿದವು ಸಾಮಾನ್ಯವಾಗಿ 32 ಓಮಿನ ಆಸುಪಾಸು. ಮಗ ಬಿಟ್ಟುಹೋದದ್ದು ಸ್ಟುಡಿಯೋದವರು ಬಳಸುವ 300 ಓಮಿನದು. ಲೆಕ್ಕ ಕೇಳಿ: 1 ವೋಲ್ಟ್ ಕೊಡುವ ಡಬ್ಬಿಯಿಂದ 32 ಓಮಿನದಕ್ಕೆ ಸುಮಾರು 31 ಮಿಲಿವ್ಯಾಟ್ ಬಲ ಸಿಗುತ್ತದೆ, 300 ಓಮಿನದಕ್ಕೆ ಬರೀ 3.3. ಹತ್ತರಲ್ಲಿ ಒಂದು ಪಾಲು! ಬಲ ಹತ್ತರಲ್ಲೊಂದಾದರೆ ದನಿ 10 ಡೆಸಿಬೆಲ್ ಇಳಿಯುತ್ತದೆ, ಕಿವಿಗೆ ಅದು ಅರ್ಧದಷ್ಟಾದಂತೆ ತೋರುತ್ತದೆ. ದುಬಾರಿ ಹೆಡ್‌ಫೋನು ಸಣ್ಣಗೆ ನುಡಿಯುವ ಗುಟ್ಟು ಅನೇಕ ಸಲ ಇದೇ. ಅದಕ್ಕೆ ಆಂಪ್ಲಿಫೈಯರ್ ಬೇಕಾಗಬಹುದು ನಿಜ. ಆದರೆ ಮನೆಯಲ್ಲೇ ಬಿದ್ದಿದ್ದ 32 ಓಮಿನದನ್ನು ಸಿಕ್ಕಿಸಿ ನೋಡುವುದಕ್ಕೆ ಕಾಸು ಬೀಳುವುದಿಲ್ಲವಲ್ಲ!

ಒಂದು ಎಚ್ಚರಿಕೆ. ವಾಲ್ವುಗಳನ್ನೆಲ್ಲ ತೆರೆಯುವ ಮೊದಲು ಹೆಡ್‌ಫೋನನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಡಿ. ಡಬ್ಬಿಯ ಗುಂಡಿಯನ್ನು ತೀರ ಇಳಿಸಿ, ಆಮೇಲೆ ಕಿವಿಗೇರಿಸಿ ಮೆಲ್ಲಗೆ ಹೆಚ್ಚಿಸಿ.

ಇಷ್ಟನ್ನೂ ಅತ್ತೆಯವರ ಕಣ್ಣೆದುರಿಗೇ ಮಾಡಿದೆ. ಗುಂಡಿ ಕಾಲುಭಾಗ ತಿರುಗುವುದರೊಳಗೆ ನನಗೆ ದನಿ ತುಂಬಿ ಬಂತು. ತಂಬೂರಿಯ ಝೇಂಕಾರವಂತೂ ತಲೆಯ ಸುತ್ತ ದುಂಬಿ ಹಾರಿದಂತೆ. ಅವರ ಕಿವಿಗೆ ಇಟ್ಟೆ. "ಹಾಡು ಕೇಳಸ್ತದ. ಆದ್ರ ತಂಬೂರಿ ಎಲ್ಲದ?" ಎಂದರು. ತಾವೇ ಗುಂಡಿ ಹಿಡಿದು ಏರಿಸುತ್ತಾ ಹೋದರು, ಮುಕ್ಕಾಲು ದಾಟಿತು. ಅವರಿಂದ ಇಸಿದುಕೊಂಡು ನಾನು ಕಿವಿಗೆ ಹಿಡಿದವಳು ತಟ್ಟನೆ ಕಿತ್ತು ತೆಗೆದೆ. ಕುಕ್ಕರಿನ ಸೀಟಿಗೆ ಕಿವಿ ಕೊಟ್ಟಂತಾಗಿತ್ತು!

ಅದೇ ಡಬ್ಬಿ, ಅದೇ ಹೆಡ್‌ಫೋನು, ಅದೇ ಹಾಡು. ಬದಲಾದದ್ದು ಕಿವಿ ಮಾತ್ರ. ನಾನು ಬಾಯಿಬಿಟ್ಟು ಏನೂ ಹೇಳಲಿಲ್ಲ. ಅತ್ತೆಯವರು ನನ್ನ ಮುಖ ನೋಡಿದರು, ಡಬ್ಬಿ ನೋಡಿದರು. ಬಹಳ ಹೊತ್ತಿನ ಮೇಲೆ, "ಹಂಗಾದ್ರ ಡಬ್ಬಿ ಛಲೋನೇ ಅದ" ಎಂದರು. ಆ ದನಿ ಕೇಳಿ ನನಗೆ ಸಂಕಟವಾಯಿತು.

ಗೆಳತಿಯರೇ, ವಯಸ್ಸಾದಂತೆ ಕಿವಿ ಎಲ್ಲ ಸದ್ದನ್ನೂ ಒಂದೇ ಸಮ ಕಳೆದುಕೊಳ್ಳುವುದಿಲ್ಲ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ಕೋಶಗಳಿವೆ. ಎತ್ತರದ, ಚೂಪಾದ ಸದ್ದನ್ನು ಹಿಡಿಯುವವು ಮೊದಲು ಸೋಲುತ್ತವೆ. ಸೋತವು ಮತ್ತೆ ಚಿಗುರುವುದಿಲ್ಲ. ಹಾಗಾಗಿ ಗಂಗೂಬಾಯಿಯವರ ಗಂಭೀರ ಕಂಠ ಕೇಳುತ್ತದೆ, ತಂಬೂರಿಯ ಝೇಂಕಾರ ಕೇಳುವುದಿಲ್ಲ. ಮಾತಿನಲ್ಲಿ ಸ, ಶ, ತ, ಫ ಇಂಥ ಅಕ್ಷರಗಳು ಉದುರಿಹೋಗುತ್ತವೆ. 'ಸಾಲು' ಅಂದರೆ 'ಹಾಲು' ಅಂತ ಕೇಳಿಸುತ್ತದೆ. "ಕೇಳುತ್ತದೆ, ತಿಳಿಯುವುದಿಲ್ಲ" ಎಂದು ಹಿರಿಯರು ಅನ್ನುವುದು ಇದಕ್ಕೇ. ನಾವೋ, "ತಮಗೆ ಬೇಕಾದ್ದು ಮಾತ್ರ ಕೇಳಿಸುತ್ತೆ ನೋಡು" ಎಂದು ಬೆನ್ನ ಹಿಂದೆ ನಗುತ್ತೇವೆ. ಮೆಲ್ಲಗೆ ಅವರಿಗೆ ಸುದ್ದಿ ಹೇಳುವುದನ್ನೇ ಬಿಡುತ್ತೇವೆ. ಅವರು ಮಾತುಕತೆಯಿಂದ ಹಿಂದೆ ಸರಿದು ಕೋಣೆಯ ಮೂಲೆ ಹಿಡಿಯುತ್ತಾರೆ.

ಇಂಥ ಕಿವಿಗೆ ದನಿ ಏರಿಸುತ್ತಾ ಹೋಗುವುದು ಮದ್ದಲ್ಲ. ಕೇಳದ ಸದ್ದಿನ ಜೊತೆಗೆ ಕೇಳುವ ಸದ್ದೂ ಏರಿ, ಉಳಿದಿರುವ ಕಿವಿಯನ್ನೂ ಅದು ತಿನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ 2019ರಲ್ಲಿ ಹೊರತಂದ ಮಾನದಂಡದ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್ ದನಿ ವಾರಕ್ಕೆ 40 ಗಂಟೆಯವರೆಗೆ ಸಲ್ಲುತ್ತದೆ, ಮಕ್ಕಳಿಗಾದರೆ 75 ಡೆಸಿಬೆಲ್. ದನಿ 3 ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕಿಳಿಯಬೇಕು: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ನಮ್ಮ ಮಿಕ್ಸಿಯ ಸದ್ದೇ 80 ದಾಟುವುದುಂಟು. ಮಿಕ್ಸಿ ತಿರುಗುವಾಗ ಹಾಡು ಕೇಳಿಸಲೆಂದು ಹೆಡ್‌ಫೋನಿನ ದನಿ ಏರಿಸಿದರೆ ಎಲ್ಲಿಗೆ ಮುಟ್ಟೀತು, ನೀವೇ ಯೋಚಿಸಿ.

ಅತ್ತೆಯವರನ್ನು ಹುಬ್ಬಳ್ಳಿಗೆ ಕರೆದೊಯ್ದೆವು. ಮೊದಲು ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದೆಯೇ ನೋಡಿದರು. ಎಷ್ಟೋ ಜನರಿಗೆ ಅಷ್ಟನ್ನು ತೆಗೆದರೇ ಸರಿಹೋಗುತ್ತದಂತೆ. ಅದನ್ನು ವೈದ್ಯರೇ ತೆಗೆಯಬೇಕು, ನಮ್ಮ ಹೇರ್‌ಪಿನ್ನಿಗೆ ಆ ಅಧಿಕಾರ ಬೇಡ. ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಒಂದೊಂದೇ ಸ್ವರ ಕೇಳಿಸಿ ಪರೀಕ್ಷೆ ಮಾಡಿದರು. ನೋವಿಲ್ಲ, ಸೂಜಿಯಿಲ್ಲ. ಎರಡೂ ಕಿವಿಯಲ್ಲಿ ಎತ್ತರದ ಸ್ವರಗಳು ಕುಂದಿದ್ದವು. ಶ್ರವಣ ಸಾಧನ ಬೇಕೆಂದರು. ಅದು ಎಲ್ಲ ಸದ್ದನ್ನೂ ಒಟ್ಟಿಗೆ ಏರಿಸದೆ, ಅವರವರ ಕಿವಿಗೆ ಯಾವ ಸ್ವರ ಕಡಿಮೆಯೋ ಅದನ್ನೇ ಹೆಚ್ಚಾಗಿ ಎತ್ತಿಕೊಡುತ್ತದೆ. ಮೈಸೂರಿನ ಕಡೆಯವರಿಗೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ.

ಮೊದಲ ವಾರ ಅತ್ತೆಯವರು ಸಾಧನವನ್ನು ಹಾಕಿದ್ದಕ್ಕಿಂತ ತೆಗೆದಿಟ್ಟದ್ದೇ ಹೆಚ್ಚು. ಪಾತ್ರೆಯ ಸದ್ದು ತಲೆಗೆ ಬಡಿಯುತ್ತದೆ ಎಂದರು. ಒಂದು ಬೆಳಿಗ್ಗೆ ಹಿತ್ತಲಿನಿಂದ ಗದರಿದರು: "ಬಚ್ಚಲದಾಗ ನಳ ಸೋರಲಿಕ್ಕತ್ತದ, ಈ ಮನ್ಯಾಗ ಯಾರಿಗೂ ಕಿವಿ ಇಲ್ಲೇನು?" ಆ ಹನಿಯ ಸದ್ದು ನಮ್ಮಲ್ಲಿ ಯಾರೂ ಗಮನಿಸಿರಲಿಲ್ಲ! ಈಗ ದೊಡ್ಡ ಬಟ್ಟಲಿನ ಹೆಡ್‌ಫೋನನ್ನು ಸಾಧನದ ಮೇಲೆಯೇ ಹಗುರಾಗಿ ಇಟ್ಟುಕೊಂಡು ಕೇಳುತ್ತಾರೆ. ಒತ್ತಿದರೆ ಒಮ್ಮೊಮ್ಮೆ ಕುಂಯ್ ಎನ್ನುತ್ತದೆ. ತಂಬೂರಿ ಮೊದಲಿನಷ್ಟಲ್ಲದಿದ್ದರೂ ಬಂದಿದೆಯಂತೆ. ಆಂಪ್ಲಿಫೈಯರ್ ಕೊಳ್ಳಲಿಲ್ಲ.

ನಿಮ್ಮ ಮನೆಯಲ್ಲೂ "ದನಿ ಸಾಲದು" ಎಂಬ ದೂರು ಬಂದರೆ ಬೆರಳನ್ನು ಮೊದಲು ಕಿವಿಯ ಕಡೆ ತೋರಿಸಬೇಡಿ. ಹಾಡಿನ ಪುಟ, ಕಂಪ್ಯೂಟರು, ಪಿನ್ನು, ಡಬ್ಬಿ, ಹೆಡ್‌ಫೋನು, ಈ ಕ್ರಮದಲ್ಲಿ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ನೋಡುತ್ತಾ ಬನ್ನಿ. ಎಲ್ಲವೂ ಸರಿಯಿದ್ದು ನಿಮಗೆ ಸಾಕಾದ ದನಿ ಅವರಿಗೆ ಸಾಲದಾದರೆ, ಯಾವ ಸದ್ದು ಕೇಳುವುದಿಲ್ಲ ಎಂದು ಕೇಳಿ ತಿಳಿದು ಪರೀಕ್ಷೆಗೆ ಕರೆದೊಯ್ಯಿರಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಮಾತ್ರ ಡಬ್ಬಿಯ ಗೊಡವೆಗೆ ಹೋಗದೆ ಅಂದೇ ವೈದ್ಯರನ್ನು ಕಾಣಿರಿ. ತಡವಾದರೆ ಅದು ಮರಳಿ ಬರುವುದು ಕಷ್ಟ.

ಅಂದಹಾಗೆ, ಮಕ್ಕಳ ಹೆಡ್‌ಫೋನಿನ ಗುಂಡಿ ಎಲ್ಲಿಗೆ ನಿಂತಿದೆ ಎಂದು ಇವತ್ತೇ ಒಮ್ಮೆ ನೋಡಿಬಿಡಿ.