ದೊಡ್ಡಪ್ಪನ ಐಪಾಡ್‌ನಲ್ಲಿ ಕ್ಯಾಲಿಫೋರ್ನಿಯಾ ಟೈಮು

ಘಟ್ಟದ ಮೇಲಿನ ನಮ್ಮ ಹಳ್ಳಿಗಳಲ್ಲಿ ಮಳೆಗಾಲ ಅಂದ್ರೆ ಮೊಬೈಲಿಗೂ ರಜೆ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ರೂ ಹೋಗುತ್ತೆ. ಹಾಗಾಗಿ ಯಲ್ಲಾಪುರದ ಹತ್ತಿರ ಇರೋ ನಮ್ಮ ದೊಡ್ಡಪ್ಪ ಇನ್ನೂ ಹಳೇ ಐಪಾಡ್ ಕ್ಲಾಸಿಕ್ ಬಿಟ್ಟಿಲ್ಲ. ಆಪಲ್ ಕಂಪನಿ 2014ರಲ್ಲೇ ಅದನ್ನು ನಿಲ್ಲಿಸಿತು, ದೊಡ್ಡಪ್ಪ ನಿಲ್ಲಿಸಿಲ್ಲ. ರಾತ್ರಿ ತಾಳಮದ್ದಲೆ ಕೇಳೋಕೂ ಅದೇ, ಬೆಳಿಗ್ಗೆ ಏಳಕ್ಕೆ ಬಿಪಿ ಗುಳಿಗೆ ನೆನಪಿಸೋಕೂ ಅದೇ.

ಜುಲೈನಲ್ಲಿ ಬೆಂಗಳೂರಿಂದ ಶಿರಸಿಗೆ ಬಂದಿಳಿದು, ಮೊದಲು ಸಿದ್ದಾಪುರದ ಅತ್ತೆ ಮನೆಗೆ ಹೋದೆ. ತೊಡದೇವಿನ ಮೇಲೆ ತುಪ್ಪ ಹಾಕ್ತಾ ಅತ್ತೆ ದನಿ ತಗ್ಗಿಸಿದರು. "ಅಣ್ಣಂಗೆ ನೆನಪು ಹೋಗ್ತಾ ಇದ್ದು ತಮಾ. ವಾರದಿಂದ ಬೆಳಗಿನ ಗುಳಿಗೆ ಮರೀತ. ಕೇಳಿದ್ರೆ ಅಲಾರಾಂ ಆಗ್ತಿಲ್ಲೆ ಹೇಳ್ತ." ಮನೆಯವರ ವಾಟ್ಸ್ಯಾಪ್ ಗ್ರೂಪಿನಲ್ಲಿ ಆಗಲೇ ಹುಬ್ಬಳ್ಳಿಯ ನರರೋಗ ತಜ್ಞರ ಮಾತು ಶುರುವಾಗಿತ್ತು. ಎಪ್ಪತ್ತೆಂಟು ವರ್ಷದವರ ಬಗ್ಗೆ ಇಂಥ ಮಾತು ಒಮ್ಮೆ ಎದ್ದರೆ ಅವರು ಚಾಳೀಸು ಎಲ್ಲೋ ಇಟ್ಟು ಹುಡುಕಿದ್ರೂ ಅದಕ್ಕೆ ಸಾಕ್ಷಿ ಆಗುತ್ತೆ.

ಶಿರಸಿಗೆ ವಾಪಸ್ ಬಂದು ಯಲ್ಲಾಪುರದ ಬಸ್ ಹತ್ತಿದೆ. ದಾರಿಯಲ್ಲೇ ಸಹಸ್ರಲಿಂಗದ ತಿರುವು ಸಿಗುತ್ತೆ. ಮಳೆಗಾಲದಲ್ಲಿ ಇಳಿಯೋಕೆ ಹೋಗಬೇಡಿ, ಶಾಲ್ಮಲೆ ತುಂಬಿದರೆ ಲಿಂಗಗಳು ನೀರಡಿಗೆ. ನೀರು ಇಳಿದ ಮೇಲೆ ಬನ್ನಿ. ಆಮೇಲೆ ಬರೀ ಅಡಿಕೆ ತೋಟ, ಕಾಡು, ಕಿಟಕಿಯಿಂದ ಸೋರೋ ಮಳೆ.

ಸಂಜೆ ಏಳೂವರೆ. ಜಗಲಿಯಲ್ಲಿ ಕೂತು ಕಷಾಯ ಕುಡೀತಾ ಇದ್ದಾಗ ಒಳಗೆ ಐಪಾಡ್ ಬೀಪ್ ಬೀಪ್ ಅಂತು. "ನೋಡು, ಹೊತ್ತಲ್ಲದ ಹೊತ್ತಲ್ಲಿ ಕೂಗ್ತು" ಅಂತ ದೊಡ್ಡಮ್ಮ ಎದ್ದು ಹೋದರು. ದಿನಾ ಅವರೇ ಬಂದ್ ಮಾಡ್ತಾ ಇದ್ದರಂತೆ. ನಾನು ಪರದೆ ನೋಡಿದೆ. ಏಳು ಗಂಟೆ, ಎಎಂ!

ಜೂನ್ ಕೊನೆಗೆ ಅಮೆರಿಕದಿಂದ ಬಂದಿದ್ದ ಅಣ್ಣ ತನ್ನ ಲ್ಯಾಪ್‌ಟಾಪಿಂದ ಹೊಸ ಪ್ರಸಂಗಗಳನ್ನು ತುಂಬಿಸಿ ಹೋಗಿದ್ದ. ಐಪಾಡ್ ಕ್ಲಾಸಿಕ್‌ನ ಸ್ವಭಾವವೇ ಹಾಗೆ, ಕಂಪ್ಯೂಟರಿಗೆ ಸಿಕ್ಕಿಸಿದ ಕೂಡಲೇ ಅದರ ಗಡಿಯಾರವನ್ನೇ ತನ್ನದು ಮಾಡಿಕೊಳ್ಳುತ್ತೆ. ಆ ಲ್ಯಾಪ್‌ಟಾಪ್ ಇನ್ನೂ ಕ್ಯಾಲಿಫೋರ್ನಿಯಾದಲ್ಲೇ ಇತ್ತು. ಚಳಿಗಾಲದಲ್ಲಿ ಅಲ್ಲಿಗೂ ನಮಗೂ ಹದಿಮೂರೂವರೆ ತಾಸಿನ ಅಂತರ. ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ತಾಸು ಮುಂದೆ ಇಡ್ತಾರೆ, ಆಗ ಹನ್ನೆರಡೂವರೆ. ಹನ್ನೆರಡು ತಾಸಿನ ಗಡಿಯಾರದಲ್ಲಿ ಇದು ಬರೀ ಅರ್ಧ ಗಂಟೆ ಹಿಂದೆ ಇದ್ದಂತೆ ಕಾಣುತ್ತೆ. ಯಾರಿಗೂ ಗೊತ್ತಾಗದೇ ಇದ್ದದ್ದು ಅದಕ್ಕೇ. ಡಿಸೆಂಬರಿನಲ್ಲಾಗಿದ್ದರೆ ಒಂದೂವರೆ ತಾಸು ತಪ್ಪಿ ಮೊದಲ ದಿನವೇ ಸಿಕ್ಕಿಬೀಳ್ತಿತ್ತು.

ಸೆಟ್ಟಿಂಗ್ಸ್‌ನಲ್ಲಿ ಡೇಟ್ ಆ್ಯಂಡ್ ಟೈಮ್‌ಗೆ ಹೋಗಿ ಮೊದಲು ಟೈಮ್ ಝೋನನ್ನು ಭಾರತಕ್ಕೆ ತಂದೆ, ಆಮೇಲೆ ಗೋಡೆ ಗಡಿಯಾರ ನೋಡಿ ಸಮಯ, ತಾರೀಖು ತಾಳೆ ಹಾಕಿದೆ. ಇದೇ ಕ್ರಮ ಒಳ್ಳೇದು. ಸಮಯ ಮೊದಲು ತಿದ್ದಿ ಝೋನ್ ಆಮೇಲೆ ಬದಲಿಸಿದರೆ ಮುಳ್ಳು ಮತ್ತೆ ಜಿಗಿಯುತ್ತೆ. ಮುಂದಿನ ಸಲ ಸಿಂಕ್ ಮಾಡೋ ಮುಂಚೆ ಲ್ಯಾಪ್‌ಟಾಪಿನ ಝೋನ್ ಸರಿ ಮಾಡು ಅಂತ ಅಣ್ಣನಿಗೆ ಮೆಸೇಜ್ ಬರೆದಿಟ್ಟೆ, ಟವರ್ ಬಂದಾಗ ಹೋಗಲಿ ಅಂತ.

ದೊಡ್ಡಪ್ಪ ಪಂಚಾಂಗದ ಮನುಷ್ಯ. "ಅರ್ಧ ತಾಸು ಹಿಂದೆ ಅಂದ್ರೆ ನಮ್ಮೂರಿನ ಸೂರ್ಯಂಗೆ ಸರೀ ಇದ್ದು" ಅಂದರು. ಲೆಕ್ಕ ಹಾಕಿದೆ. ಭಾರತದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ 75ಕ್ಕಿಂತ ಸ್ವಲ್ಪ ಪಶ್ಚಿಮಕ್ಕಿವೆ. ಡಿಗ್ರಿಗೆ ನಾಲ್ಕು ನಿಮಿಷ, ಅಂದರೆ ಮೂವತ್ತು ನಿಮಿಷ ಚಿಲ್ಲರೆ! 1906ರಲ್ಲಿ ದೇಶಕ್ಕೆಲ್ಲ ಒಂದೇ ಸಮಯ ಬಂದಾಗ ಬಾಂಬೆ ಶಹರದವರು ಒಪ್ಪದೆ ದಶಕಗಟ್ಟಲೆ 39 ನಿಮಿಷ ಹಿಂದೆಯೇ ಬದುಕಿದರು. ಈ ಲೆಕ್ಕವನ್ನೆಲ್ಲ ಬೆರಳ ಮೇಲೆ ಹೇಳೋ ಮನುಷ್ಯನಿಗೆ ನೆನಪು ಹೋಗ್ತಿದೆ ಅಂತ ನಾವು ಕೂತು ಮಾತಾಡ್ತಾ ಇದ್ದೆವು.

"ಅವನ ಊರಿನ ಗಡಿಯಾರ ಪೂರ್ತಿ ತೆಗೀಬೇಡ ತಮಾ, ಫೋನ್ ಮಾಡಕ್ಕಾರೆ ಬೇಕು" ಅಂದರು ದೊಡ್ಡಪ್ಪ. ಕ್ಲಾಕ್ಸ್‌ನಲ್ಲಿ ಕ್ಯಾಲಿಫೋರ್ನಿಯಾದ್ದೂ ಒಂದು ಸೇರಿಸಿಕೊಟ್ಟೆ. ಮರುದಿನ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬೀಪ್ ಅಂತು. ದೊಡ್ಡಮ್ಮ ಬಂದ್ ಮಾಡಲಿಲ್ಲ, ನೀರಿನ ಲೋಟ ತಂದು ಅವರ ಮುಂದೆ ಇಟ್ಟರು.